ಎಡ್ನಾ ಇಟ್ಟ ಹೆಸರುಗಳು

ಹೋದ ತಿಂಗಳು ನಮ್ಮ ಪಕ್ಕದ ಮನೆಯವರು ಕಬ್ಬಿಣದ ಗೇಟು ರಿಪೇರಿ ಮಾಡಿಸಿದರು. ಅಮೆರಿಕದ ನಮ್ಮ ಈ ಸನ್ನಿವೇಲ್‌ನಲ್ಲಿ ಇಂಥ ಸದ್ದು ಕೇಳಿದರೆ ಬೀದಿಯವರೆಲ್ಲ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಮೀಟಿಂಗಿನಲ್ಲಿದ್ದೇವೆ, ಸ್ವಲ್ಪ ನಿಲ್ಲಿಸಿ ಎಂದು ಬಂದು ಹೇಳಿ ಹೋಗುವವರೂ ಉಂಟು. ನಾನು ಮಾತ್ರ ಅಡುಗೆಮನೆಯ ಕಿಟಕಿಯನ್ನು ಪೂರ್ತಿ ತೆರೆದು, ಒಲೆಯ ಮೇಲಿದ್ದ ಸಾರನ್ನು ಅದರ ಪಾಡಿಗೆ ಬಿಟ್ಟು, ಮೂಗೊಡ್ಡಿ ನಿಂತುಬಿಟ್ಟೆ. ಗ್ರೈಂಡರಿನ ಚಕ್ರಕ್ಕೆ ಕಬ್ಬಿಣ ತಾಗಿದಾಗ ಏಳುವ ವಾಸನೆ ನಿಮಗೆ ಗೊತ್ತೆ? ಖಾಲಿ ಬಾಣಲೆಯನ್ನು ಒಲೆಯ ಮೇಲೆ ಮರೆತರೆ ಬರುತ್ತದಲ್ಲ, ಅದಕ್ಕೆ ಸ್ವಲ್ಪ ಹತ್ತಿರ. ಒಳ್ಳೆಯ ವಾಸನೆ ಎಂದು ಯಾರೂ ಹೇಳಲಾರರು. ನನಗೆ ಅದು ಬಂದರೆ ಬೇರೇನೂ ಬೇಡ. ಸಾರು ಉಕ್ಕಿ ಒಲೆಯೆಲ್ಲ ರಾಡಿಯಾದದ್ದನ್ನು ಆಮೇಲೆ ನೋಡಿಕೊಂಡೆ.

ಈ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಮಂಡ್ಯದಲ್ಲಿ, ಮೈಸೂರು ರಸ್ತೆಯ ಬದಿಗೆ, ಅವರದೊಂದು ಲೇತಿನ ಷೆಡ್ಡು ಇತ್ತು. ಸುತ್ತಲಿನ ಆಲೆಮನೆಗಳ ಕಬ್ಬು ಅರೆಯುವ ಗಾಣಗಳು ಸವೆದಾಗ ಅಲ್ಲಿಗೆ ಬಂದು ವೆಲ್ಡಿಂಗು ಮಾಡಿಸಿಕೊಂಡು ಹೋಗುತ್ತಿದ್ದವು. ಹೆಣ್ಣುಮಗಳಾದ ನನಗೆ ಷೆಡ್ಡಿನ ಬಾಗಿಲೇ ಗಡಿ. ಮಧ್ಯಾಹ್ನ ಊಟದ ಕ್ಯಾರಿಯರು ಹಿಡಿದು ಹೋಗಿ ಹೊರಗೆ ನಿಂತು ಕಿಡಿ ನೋಡುತ್ತಿದ್ದೆ, ಅಪ್ಪ ಗದರುತ್ತಿದ್ದರು. ವರ್ಷದಲ್ಲಿ ಒಂದೇ ಒಂದು ದಿನ, ಆಯುಧಪೂಜೆಯಂದು, ನನಗೆ ಒಳಗೆ ಪ್ರವೇಶ. ಯಂತ್ರಗಳಿಗೆ ಅರಿಸಿನ ಕುಂಕುಮ ಇಡುವುದು ಮನೆಮಗಳ ಕೈಯಿಂದಲೇ ಆಗಬೇಕೆಂದು ಅಪ್ಪನ ನೇಮ. ಅಂದು ನಾನು ಲೇತಿಗೆ, ಡ್ರಿಲ್ಲಿಂಗ್ ಮಿಷನ್ನಿಗೆ, ಸುತ್ತಿಗೆ ಇಕ್ಕಳಗಳಿಗೆ, ಕೊನೆಗೆ ಅಪ್ಪನ ಸ್ಕೂಟರಿಗೆ ಬೊಟ್ಟಿಡುತ್ತ ಷೆಡ್ಡೆಲ್ಲ ನನ್ನದೇ ಎಂಬ ಗತ್ತಿನಲ್ಲಿ ಓಡಾಡುತ್ತಿದ್ದೆ. ಮಾರನೆಯ ದಿನ ಮತ್ತೆ ಕ್ಯಾರಿಯರು, ಮತ್ತೆ ಬಾಗಿಲ ಹೊರಗೆ.

ಅಲ್ಲಿಂದ ಮದುವೆಯಾಗಿ ಬಂದದ್ದು ಇಲ್ಲೇ ಹತ್ತಿರದ ನೆವಾರ್ಕ್‌ನ ಒಂದು ಅಪಾರ್ಟ್‌ಮೆಂಟಿಗೆ. ಎಲ್ಲರ ಬಾಯಲ್ಲೂ ಡಾಟ್ ಕಾಮ್ ಎಂಬ ಎರಡು ಪದ ಓಡಾಡುತ್ತಿದ್ದ ಕಾಲ ಅದು. ನಮ್ಮ ಮನೆಯವರ ಆಫೀಸು ಸನ್ನಿವೇಲ್‌ನಲ್ಲಿ. ನಾಯಿಗಳ ಆಹಾರವನ್ನೋ ಬೆಕ್ಕುಗಳದ್ದನ್ನೋ ಇಂಟರ್ನೆಟ್ಟಿನಲ್ಲಿ ಮಾರುವ ಕಂಪನಿ. ಬೆಳಿಗ್ಗೆ ಏಳಕ್ಕೆ ಹೋದರೆ ಬರುವ ಹೊತ್ತು ಅವರಿಗೂ ಗೊತ್ತಿರುತ್ತಿರಲಿಲ್ಲ. "ಈ ವಾರ ರಿಲೀಸು ಕಣೇ, ಮುಗಿದ್ಮೇಲೆ ಫ್ರೀ" ಎನ್ನುತ್ತಿದ್ದರು. ಆ ರಿಲೀಸು ನಮ್ಮ ಸಂಸಾರದಲ್ಲಿ ಎಂದೂ ಮುಗಿದದ್ದಿಲ್ಲ. ನನ್ನದು ಗಂಡನ ವೀಸಾಕ್ಕೆ ಅಂಟಿಕೊಂಡ ವೀಸಾ, ಕೆಲಸ ಮಾಡುವ ಹಾಗಿಲ್ಲ. ಕಾರು ಬಿಡಲು ಬಾರದು. ಬಿ.ಎಸ್ಸಿ. ಓದಿದ ಹೆಂಗಸು ದಿನಕ್ಕೆರಡು ಸಲ ಅಂಚೆಪೆಟ್ಟಿಗೆ ತೆರೆದು ನೋಡುತ್ತಿದ್ದೆ ಎಂದರೆ ನೀವು ನಗಬಹುದು, ನಗಿ. ನಾನು ಒಂಟಿಯಾಗಿದ್ದೆ. ಅದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ಈಗಿಲ್ಲ. ಕೆಲವು ದಿನ ಸಂಜೆ ಮನೆಯವರ ಹತ್ತಿರ ಮಾತಾಡಲು ಬಾಯಿ ತೆರೆದಾಗ, ಬೆಳಿಗ್ಗೆಯಿಂದ ಬಾಯಿಯನ್ನೇ ತೆರೆದಿರಲಿಲ್ಲವೆಂದು ಧ್ವನಿ ಕಟ್ಟಿದ್ದರಿಂದ ಗೊತ್ತಾಗುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕೋಣೆಯಿಂದ ಬರುತ್ತಿದ್ದೆ. ಗಾಳಿಯಲ್ಲಿ ಆ ವಾಸನೆ ಬಂತು. ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡೇ ನಡೆದೆ. ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆ ದಾಟಿದರೆ ತಗಡಿನ ಷೆಡ್ಡುಗಳ ಸಾಲು. ಕೊನೆಯದರ ಬಾಗಿಲು ತೆರೆದಿತ್ತು, ಒಳಗೆ ಕಿಡಿ ಹಾರುತ್ತಿತ್ತು. ಅಭ್ಯಾಸಬಲ ನೋಡಿ, ನನ್ನ ಕಾಲು ಹೊಸ್ತಿಲ ಹೊರಗೇ ನಿಂತುಕೊಂಡಿತು. ವೆಲ್ಡಿಂಗು ಮಾಡುತ್ತಿದ್ದವರು ಮುಖದ ಗುರಾಣಿ ಮೇಲೆತ್ತಿದಾಗ ಕಂಡದ್ದು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಬೆಳ್ಳಿಕೂದಲು, ದೊಗಲೆ ಪ್ಯಾಂಟು. ಬಟ್ಟೆಬುಟ್ಟಿ ಹಿಡಿದ ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರು ಒಂದೇ ಮಾತು ಹೇಳಿದರು:

"ಒಳಗೆ ಬಾ. ಅಲ್ಲಿ ನಿಂತರೆ ಕಿಡಿ ಅಲ್ಲಿಗೇ ಬರೋದು."

ಅವರು ಆಡಿದ್ದು ಇಂಗ್ಲಿಷು. ಆದರೆ ಎಡ್ನಾರ ಮಾತೆಲ್ಲ ನನ್ನ ನೆನಪಿನಲ್ಲಿ ಯಾವಾಗಲೋ ಕನ್ನಡವಾಗಿಬಿಟ್ಟಿದೆ. ಮೊದಲು ಮೇಡಂ ಎಂದೆ, ಆಮೇಲೆ ಆಂಟಿ ಎಂದೆ. ತನ್ನ ಅಣ್ಣನಿಗೆ ಮಕ್ಕಳೇ ಇಲ್ಲ, ತಾನು ಯಾರಿಗೂ ಆಂಟಿ ಆಗಲು ಸಾಧ್ಯವಿಲ್ಲ ಎಂದು ಅವರು ವಾದ ಹೂಡಿದ ಮೇಲೆ, ಅಜ್ಜಿಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯುವ ಪಾಪಕ್ಕೂ ಇಳಿದೆ.

ಎಡ್ನಾ ಉಕ್ಕಿನಿಂದ ಪ್ರಾಣಿಗಳನ್ನೂ ಮನುಷ್ಯರನ್ನೂ ಮಾಡುತ್ತಿದ್ದರು. ಹಳೆ ನೇಗಿಲು, ಲಾರಿಯ ಸ್ಪ್ರಿಂಗು, ಎಣ್ಣೆ ಪೀಪಾಯಿ, ಕೈಗೆ ಸಿಕ್ಕದ್ದೆಲ್ಲ ಕತ್ತರಿಸಿ ಬೆಸೆಯುವುದು. ಸಿಯೆರಾ ಬೆಟ್ಟಗಳ ಆಚೆ, ನೆವಾಡಾದ ಮರಳುಗಾಡಿನಲ್ಲಿ ಅವರದೊಂದು ತುಂಡು ಬಂಜರು ಇತ್ತು. ಮುಗಿದದ್ದನ್ನೆಲ್ಲ ಪಿಕಪ್ಪಿನಲ್ಲಿ ಹಾಕಿಕೊಂಡು ಹೋಗಿ ಅಲ್ಲಿ ನಿಲ್ಲಿಸಿ ಬರುತ್ತಿದ್ದರು. ನೋಡುವವರು ಯಾರು ಎಂದು ಕೇಳಿದ್ದಕ್ಕೆ, ನೋಡುವವರಿದ್ದರೆ ಅವು ನಾಚಿಕೊಳ್ಳುತ್ತವೆ ಎಂದರು. ಗೋಡೆಯ ತುಂಬ ಅವುಗಳ ಫೋಟೋ, ಒಂದೊಂದರ ಕೆಳಗೂ ಹೆಸರು. 'ದಾರಿ ಕೇಳಲು ನಾಚಿಕೊಂಡ ಒಂಟೆ'. 'ಭಾನುವಾರ ನನ್ನನ್ನು ಎಬ್ಬಿಸಬೇಡಿ', ಇದು ಹದ್ದು. 'ನಾನಲ್ಲ, ಪಕ್ಕದ ಮನೆಯವರು', ಇದು ಬಾಲ ಮುದುರಿ ನಿಂತ ತೋಳ. ಮದುಮಗಳಾಗಿ ಈ ದೇಶಕ್ಕೆ ಬಂದ ಮೇಲೆ ಬಾಯಿಬಿಟ್ಟು ನಕ್ಕದ್ದು ಆ ಗೋಡೆಯ ಮುಂದೆ, ಮೊದಲ ಸಲ.

ಹೆಸರಿಡುವುದಕ್ಕೆ ಅವರದೊಂದು ಪದ್ಧತಿ ಇತ್ತು. ಮಾಡುವಾಗ ಹೆಸರಿಡುತ್ತಿರಲಿಲ್ಲ. ಮರಳುಗಾಡಿನಲ್ಲಿ ಒಂದು ವರ್ಷ ನಿಂತು, ಬಿಸಿಲು ಗಾಳಿ ತಿಂದು, ತುಕ್ಕು ಹಿಡಿದು ಕಂದಾದ ಮೇಲೆ ಹೋಗಿ ನೋಡುವುದು. ಅಷ್ಟು ಹೊತ್ತಿಗೆ ಅದರ ಸ್ವಭಾವ ಗೊತ್ತಾಗಿರುತ್ತದಂತೆ. ಆಗ ಒಂದು ಉಕ್ಕಿನ ತಗಡಿನ ಮೇಲೆ ಅಕ್ಷರದ ಮೊಳೆ ಇಟ್ಟು ಒಂದೊಂದಾಗಿ ಸುತ್ತಿಗೆಯಲ್ಲಿ ಹೊಡೆದು ಹೆಸರು ಮೂಡಿಸಿ ಕಾಲಿಗೆ ಬೆಸೆಯುವುದು. ನಮ್ಮಲ್ಲಿ ಹನ್ನೊಂದನೆಯ ದಿನವೇ ಇಟ್ಟುಬಿಡುತ್ತೇವೆ ಎಂದೆ. ಅದಕ್ಕೇ ನಿಮ್ಮಲ್ಲಿ ಶಾಂತಾ ಎಂಬುವರು ಕೂಗಾಡುತ್ತಾರೆ ಎಂದರು. ನಮ್ಮ ಶಾಂತತ್ತೆಯ ವಿಷಯ ನಾನೇ ಹೇಳಿದ್ದೆ.

ದಿನಾ ಹೋಗತೊಡಗಿದೆ. ಉಪ್ಪಿಟ್ಟು, ಚಿತ್ರಾನ್ನ ಏನಾದರೂ ಡಬ್ಬಿಯಲ್ಲಿ. ಕೆಲಸ ಮಾತ್ರ ಮುಟ್ಟುತ್ತಿರಲಿಲ್ಲ. ಸ್ಟೂಲಿನ ಮೇಲೆ ಕುಳಿತು ನೋಡುವುದು, ಹರಟುವುದು ಅಷ್ಟೆ. ಆ ವರ್ಷ ಅವರು ಒಂದು ಆಳೆತ್ತರ ಮೀರಿದ ಗಂಡಸಿನ ಪ್ರತಿಮೆ ಮಾಡುತ್ತಿದ್ದರು. ಸ್ವಲ್ಪ ಗೂನು, ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡುವ ಭಂಗಿ. ಅದು ಹ್ಯಾಂಕ್, ಎರಡು ವರ್ಷದ ಹಿಂದೆ ತೀರಿಕೊಂಡ ಅವರ ಗಂಡ. ಇದೊಂದನ್ನು ಮಾತ್ರ ತುಕ್ಕಿಗೆ ಬಿಡುವುದಿಲ್ಲ ಎಂದು ಉಜ್ಜಿ ಉಜ್ಜಿ ಕನ್ನಡಿ ಮಾಡುತ್ತಿದ್ದರು. ಮುಖಕ್ಕೇ ಆರು ತಿಂಗಳು ಹಿಡಿದಿತ್ತು. ವಾರ್ನಿಷ್ ಹೊಡೆಯಬಹುದಲ್ಲ ಎಂದರೆ, ಪ್ಲಾಸ್ಟಿಕ್ ಹೊದಿಸಿದ ಸೋಫಾದ ಹಾಗೆ ಹ್ಯಾಂಕ್‌ನನ್ನು ಕೂರಿಸಲೇ ಎಂದು ಕೇಳಿದರು.

ಅಕ್ಟೋಬರಿನಲ್ಲಿ ಎಡ್ನಾ ಪಿಕಪ್ಪನ್ನು ಷೆಡ್ಡಿನಲ್ಲೇ ಬಿಟ್ಟು ಮೂರು ದಿನ ಡ್ಯಾನ್‌ವಿಲ್‌ನ ಮಗಳ ಮನೆಗೆ ಹೊರಟರು. ಷೆಡ್ಡಿನಲ್ಲಿ ಅವರದೊಂದು ಬೆಕ್ಕಿತ್ತು, ಅದಕ್ಕೆ ಅನ್ನ ನೀರು ಇಡಲು ಬೀಗದಕೈ ನನ್ನ ಕೈಗೆ ಕೊಟ್ಟರು. ಜೀವನದಲ್ಲಿ ಮೊದಲ ಸಲ ಒಂದು ಷೆಡ್ಡಿನ ಬೀಗದಕೈ ನನ್ನಲ್ಲಿತ್ತು. ಮಾರನೆಯ ದಿನವೇ ಆಯುಧಪೂಜೆ. ನನ್ನ ತಲೆಯಲ್ಲಿ ಏನು ಹೊಳೆದಿರಬಹುದೆಂದು ನಿಮಗೀಗಾಗಲೇ ಗೊತ್ತಾಗಿರಬೇಕು. ಗ್ರೋಸರಿಯಿಂದ ಹಳದಿ ಸೇವಂತಿಗೆ, ನಿಂಬೆಹಣ್ಣು ತಂದೆ. ಬೂದುಗುಂಬಳ ಸಿಗದೆ ಅಮೆರಿಕದವರ ಕಿತ್ತಳೆ ಬಣ್ಣದ ಕುಂಬಳವನ್ನೇ ಹೊತ್ತುಕೊಂಡು ಹೋದೆ. ವೆಲ್ಡಿಂಗ್ ಮಿಷನ್ನು, ಗ್ರೈಂಡರು, ಪಿಕಪ್ಪು, ಎಲ್ಲಕ್ಕೂ ಬೊಟ್ಟಿಟ್ಟೆ. ಹ್ಯಾಂಕ್ ಬೆಂಚುಗಳ ಮೇಲೆ ಅಂಗಾತ ಮಲಗಿದ್ದ. ಅವನಿಗೊಬ್ಬನಿಗೆ ಬಿಡುವುದೇ? ನುಣ್ಣನೆಯ ಹಣೆಯ ಮೇಲೆ ಕುಂಕುಮ ನಿಲ್ಲಲಿಲ್ಲ. ಜಾಣೆ ನಾನು, ನಿಂಬೆರಸದಲ್ಲಿ ಕಲಸಿ ಗಟ್ಟಿಯಾಗಿ ಅಂಗೈಯಗಲ ಮೆತ್ತಿದೆ. ಊದಿನಕಡ್ಡಿ ಹಚ್ಚಿ, ಕಣ್ತುಂಬ ನೋಡಿ, ಎಡ್ನಾ ಬಂದು ಬೆರಗಾಗಲಿ ಎಂದು ಹಾಗೇ ಬಿಟ್ಟು ಬಂದೆ. ಆ ಸಂಜೆ ಬಹಳ ಸಂತೋಷದಲ್ಲಿದ್ದೆನೆಂದು ನೆನಪಿದೆ.

ಎಡ್ನಾ ಬಂದ ದಿನ ಡಬ್ಬಿಯಲ್ಲಿ ಪಾಯಸ ಹಾಕಿಕೊಂಡು ಓಡಿದೆ. ಅವರು ಒದ್ದೆ ಬಟ್ಟೆ ಹಿಡಿದು ಹ್ಯಾಂಕ್‌ನ ತಲೆಯ ಬಳಿ ನಿಂತಿದ್ದರು. ಕುಂಕುಮ ಒರೆಸಿ ಹೋಗಿತ್ತು. ಅದರಡಿಯ ಉಕ್ಕು ಕಪ್ಪುಗಟ್ಟಿ, ಅಂಚಿನಲ್ಲಿ ತುಕ್ಕು ಎದ್ದು, ರಸ ಇಳಿದ ದಾರಿಯುದ್ದಕ್ಕೂ ಹಣೆಯಿಂದ ಕಣ್ಣಿನ ಮೂಲಕ ಕಿವಿಯ ತನಕ ಕೊರೆದುಬಿಟ್ಟಿತ್ತು. ತಲೆ ಒಡೆದು ರಕ್ತ ಸುರಿದವನ ಹಾಗೆ ಕಾಣುತ್ತಿದ್ದ. ಹಬ್ಬ, ಅಪ್ಪ, ಪೂಜೆ ಎಂದು ಏನೇನೋ ತೊದಲಿದೆ. ಎಡ್ನಾ ಬಯ್ಯಲಿಲ್ಲ. ನಿಮ್ಮಪ್ಪ ಎಣ್ಣೆ ಹಚ್ಚದೆ ಉಕ್ಕಿಗೆ ನೀರು ಮುಟ್ಟಿಸುತ್ತಿದ್ದರೇ ಎಂದು ಮಾತ್ರ ಕೇಳಿದರು. ಬೀಗದಕೈ ಮೇಜಿನ ಮೇಲಿಟ್ಟು ಬಂದುಬಿಟ್ಟೆ.

ಮನೆಗೆ ಬಂದು ಕಾಲಿಂಗ್ ಕಾರ್ಡಿನ ಉದ್ದದ ನಂಬರು ಒತ್ತಿ ಅಪ್ಪನಿಗೆ ಫೋನು ಮಾಡಿದೆ. ಆಯುಧಪೂಜೆಗೆ ಮುಂಚೆ ನೀವು ಏನಾದರೂ ಹಚ್ಚುತ್ತಿದ್ದಿರಾ ಎಂದು ಕೇಳಿದರೆ ಅಪ್ಪ ನಕ್ಕರು.

"ಹಿಂದ್ಲ ದಿನವೇ ಎಲ್ಲಕ್ಕೂ ಎಣ್ಣೆ ಬಳಿದಿರ್ತೀವಿ ಕಣವ್ವ. ಇಲ್ದಿದ್ರೆ ತುಕ್ಕು ತಿಂದೋಗ್ತದಲ್ಲ. ನಿಂಗೆಲ್ಲಿ ಗೊತ್ತಾಗ್ಬೇಕು, ನಿನ್ನ ಒಳಕ್ಕೆ ಬುಡ್ತಿದ್ದುದೇ ಹಬ್ಬದ ದಿವ್ಸ."

ಫೋನಿಟ್ಟು ಅತ್ತೆ. ತಪ್ಪು ಮಾಡಿದೆನೆಂದಷ್ಟೇ ಅಲ್ಲ. ಷೆಡ್ಡಿನ ಮಗಳು ಎಂದು ಇಷ್ಟು ದಿನ ಎಡ್ನಾರ ಮುಂದೆ ಕೊಚ್ಚಿಕೊಂಡಿದ್ದೆ, ನನಗೆ ಗೊತ್ತಿದ್ದದ್ದು ಬೊಟ್ಟಿಡುವುದು ಮಾತ್ರ. ಈ ದೇಶದಲ್ಲಿ ನನಗಿದ್ದ ಒಂದೇ ಒಂದು ಬಾಗಿಲನ್ನು ನಾನೇ ಮುಚ್ಚಿಕೊಂಡಿದ್ದೆ.

ಎರಡು ದಿನ ಹೊರಗೆ ಕಾಲಿಡಲಿಲ್ಲ. ಮೂರನೆಯ ದಿನ ಎಡ್ನಾ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಜೊತೆ ಚರ್ಮದ ಕೈಗವಸು, ಕಿಡಿ ತಡೆಯುವ ಕನ್ನಡಕ. "ನೀನು ಹಚ್ಚಿದ್ದು, ನೀನೇ ತೆಗಿ" ಎಂದರು. ನಾನು ವೀಸಾದ ಮಾತೆತ್ತಿದೆ. ಗ್ರೈಂಡರು ಮುಟ್ಟಿದರೆ ಇಮಿಗ್ರೇಷನ್ನಿನವರು ಬಂದು ಹಿಡಿದುಕೊಂಡು ಹೋಗುತ್ತಾರೆಂದು ನಿಜವಾಗಿಯೂ ಹೆದರಿದ್ದೆ. ಶಿಕ್ಷೆಗೆ ವೀಸಾ ಬೇಡ ಎಂದರು.

ನಾಲ್ಕು ವಾರ ಹಿಡಿಯಿತು. ಮೊದಲು ಗ್ರೈಂಡರು, ಆಮೇಲೆ ಒರಟು ಎಮರಿ ಕಾಗದ, ಆಮೇಲೆ ನಯ, ಇನ್ನೂ ನಯ, ಕೊನೆಗೆ ಬಟ್ಟೆ. ಹಣೆ ಒಂದು ಕೂದಲೆಳೆ ತಗ್ಗಿತು. ಇದರಿಂದ ಹ್ಯಾಂಕ್ ಮೊದಲಿಗಿಂತ ಸ್ವಲ್ಪ ಯೋಚಿಸುವವನ ಹಾಗೆ ಕಾಣುತ್ತಾನೆಂದು ಎಡ್ನಾ ತೀರ್ಪು ಕೊಟ್ಟರು. ಸಂಜೆ ಮನೆಗೆ ಬಂದರೆ ಬೆರಳು ನಡುಗುತ್ತಿದ್ದವು, ಚಪಾತಿ ಲಟ್ಟಿಸಲು ಆಗುತ್ತಿರಲಿಲ್ಲ. ನಮ್ಮ ಮನೆಯವರು ನನ್ನ ಉಗುರು ನೋಡಿ, ಏನಾಯ್ತೇ ಇದು ಎಂದರು. ಹೇಳಿದೆ. ರಿಲೀಸಿನ ಗಡಿಬಿಡಿಯಲ್ಲಿ ಅರ್ಧ ಕೇಳಿಸಿಕೊಂಡರು. ಅಮೆರಿಕಕ್ಕೆ ಬಂದ ಮೇಲೆ ಅಷ್ಟು ಸುಖವಾಗಿ ನಾನು ನಿದ್ದೆ ಮಾಡಿದ್ದು ಆ ನಾಲ್ಕು ವಾರ.

ಬೆಟ್ಟದ ಮೇಲೆ ಹಿಮ ಬೀಳುವುದರೊಳಗೆ ಹ್ಯಾಂಕ್‌ನನ್ನು ಕಂಬಳಿಯಲ್ಲಿ ಸುತ್ತಿ, ಪಿಕಪ್ಪಿನಲ್ಲಿ ಮಲಗಿಸಿಕೊಂಡು ನಾವಿಬ್ಬರೂ ಹೊರಟೆವು. ಏಳು ಗಂಟೆಯ ದಾರಿ. ಬೆಟ್ಟ ಇಳಿದ ಮೇಲೆ ಮರಗಳು ಮುಗಿದವು, ಆಮೇಲೆ ಮನೆಗಳು ಮುಗಿದವು, ಕೊನೆಗೆ ರೇಡಿಯೋ ಕೂಡ ಮುಗಿಯಿತು. ಬಿಳಿ ಉಪ್ಪುಮಣ್ಣು, ಬೂದುಬಣ್ಣದ ಕುರುಚಲು ಗಿಡ. ಆ ಬಯಲಿನಲ್ಲಿ ಒಂಟೆ, ಹದ್ದು, ತೋಳ, ಫೋಟೋದಲ್ಲಿ ನೋಡಿದ ಎಲ್ಲರೂ ಒಬ್ಬರಿಂದೊಬ್ಬರು ದೂರ ದೂರ ನಿಂತಿದ್ದರು. ಗೋಡೆಯ ಮೇಲೆ ನಗಿಸುತ್ತಿದ್ದ ಹೆಸರುಗಳನ್ನು ಅಲ್ಲಿ ಓದಿದಾಗ ನಗು ಬರಲಿಲ್ಲ. ಮಾತಾಡಿಸುವವರಿಲ್ಲದ ಜಾಗದಲ್ಲಿ ಒಬ್ಬ ಹೆಂಗಸು ತನ್ನಷ್ಟಕ್ಕೆ ಮಾತಾಡಿಕೊಂಡದ್ದು ಅವು. ಅದು ನನಗೆ ಚೆನ್ನಾಗಿ ಅರ್ಥವಾಗುವ ವಿಷಯವಾಗಿತ್ತು.

ಹತ್ತಿರದ ಊರಿನ ಟ್ರಾಕ್ಟರಿನವನೊಬ್ಬ ಬಂದು ಹ್ಯಾಂಕ್‌ನನ್ನು ಎತ್ತಿ ನಿಲ್ಲಿಸಿಕೊಟ್ಟು ಹೋದ. ಎಡ್ನಾ ಎಣ್ಣೆಯ ಡಬ್ಬಿ, ಬಟ್ಟೆ ತೆಗೆದರು. ಕಾಲಿನಿಂದ ಎದೆಯ ತನಕ ಅವರು ಹಚ್ಚಿದರು. ಅದಕ್ಕಿಂತ ಮೇಲೆ ಅವರ ಭುಜ ಏಳುತ್ತಿರಲಿಲ್ಲ, ಕೀಲು ಸವೆದಿತ್ತು. ಪಿಕಪ್ಪಿನ ಹಿಂಬದಿಯ ಮೇಲೆ ಹತ್ತಿ ನಿಂತು ಮುಖಕ್ಕೆ ನಾನು ಹಚ್ಚಿದೆ. ಮರಳುಗಾಡಿನ ಒಣಹವೆಯಲ್ಲಿ ವರ್ಷಕ್ಕೊಂದು ಸಲ ಎಣ್ಣೆ ಕಂಡರೆ ಸಾಕು, ಹೊಳಪು ಹೋಗುವುದಿಲ್ಲವಂತೆ. ಬಟ್ಟೆ ಮಡಿಸುತ್ತ ಎಡ್ನಾ ನನ್ನ ಮುಖ ನೋಡದೆ ಕೇಳಿದರು.

"ಮುಂದಿನ ವರ್ಷ ಬರ್ತೀಯಲ್ಲ? ಮುಖ ನಿನ್ನ ಪಾಲು."

ಬರ್ತೀನಿ ಎಂದೆ. ಖಂಡಿತ ಎಂದೂ ಸೇರಿಸಿದೆ. ಮಗಳು ಎಂದೂ ಇಲ್ಲಿಗೆ ಬಂದವಳಲ್ಲ ಎಂದು ಅವರು ದಾರಿಯಲ್ಲಿ ಹೇಳಿದ್ದರು. ಏನು ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು.

ಆ ಮುಂದಿನ ವರ್ಷ ಡಾಟ್ ಕಾಮ್‌ಗಳು ಒಂದೊಂದಾಗಿ ಮುಚ್ಚಿದವು. ನಾಯಿಯೋ ಬೆಕ್ಕೋ, ಅವುಗಳ ಕಂಪನಿಯೂ ಮುಚ್ಚಿತು. ಬೇರೆ ಕೆಲಸ ಸಿಗದಿದ್ದರೆ ವೀಸಾ ಇಲ್ಲ. ಟೆಕ್ಸಾಸಿನಲ್ಲಿ ಒಂದು ಸಿಕ್ಕಿತೆಂದು ಒಂದೇ ವಾರದಲ್ಲಿ ಗಂಟುಮೂಟೆ ಕಟ್ಟಿದೆವು. ಎಡ್ನಾ ಆ ವಾರ ಡ್ಯಾನ್‌ವಿಲ್‌ನಲ್ಲಿದ್ದರು. ಷೆಡ್ಡಿನ ಬಾಗಿಲ ಸಂದಿಯಲ್ಲಿ ಒಂದು ಚೀಟಿ ತುರುಕಿ ಬಂದೆ. ಟೆಕ್ಸಾಸಿನಿಂದ ಒಮ್ಮೆ ಫೋನು ಮಾಡಿದೆ, ಆನ್ಸರಿಂಗ್ ಮಿಷನ್ನು ಬಂತು. ಬೀಪ್ ಸದ್ದಾದ ಮೇಲೆ ಮಾತಾಡು ಎಂದು ಎಡ್ನಾರ ಧ್ವನಿ ಹೇಳಿತು. ಏನು ಹೇಳುವುದು? ಈ ವರ್ಷ ಬರಲಾಗುವುದಿಲ್ಲ ಎಂಬ ಒಂದು ವಾಕ್ಯ ಹೇಳಲು ಬಾಯಿ ಬರದೆ ಇಟ್ಟುಬಿಟ್ಟೆ.

ಆಮೇಲೆ ಮಗಳು ಹುಟ್ಟಿದಳು. ಆರು ವರ್ಷದ ಮೇಲೆ ಮತ್ತೆ ಇಲ್ಲಿಗೇ, ಸನ್ನಿವೇಲ್‌ಗೆ ಬಂದೆವು. ಡೇಕೇರು, ಸ್ಕೂಲು, ನನಗೂ ಒಂದು ಕೆಲಸ. ಪುರುಸೊತ್ತಿರಲಿಲ್ಲ ಎಂದು ನಿಮ್ಮ ಮುಂದೆ ಹೇಳಿದರೆ ನೀವು ನಂಬುತ್ತೀರಿ, ಆದರೆ ಅದು ಸುಳ್ಳು. ನೆವಾರ್ಕ್ ನಮ್ಮ ಮನೆಯಿಂದ ಅರ್ಧ ಗಂಟೆ. ಒಂದು ವರ್ಷ ತಪ್ಪಿಸಿದವಳಿಗೆ ಎರಡನೆಯ ವರ್ಷ ಮುಖ ತೋರಿಸಲು ಸಂಕೋಚ. ಏಳನೆಯ ವರ್ಷಕ್ಕೆ ಆ ಸಂಕೋಚ ಬೆಳೆದು ನನಗಿಂತ ದೊಡ್ಡದಾಗಿತ್ತು. ಗೇಟು ರಿಪೇರಿಯಾದ ದಿನ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. "ಯು ಕುಡ್ ಹ್ಯಾವ್ ಜಸ್ಟ್ ಗಾನ್, ಅಮ್ಮ" ಎಂದಳು.

ಆ ಶನಿವಾರ ನೆವಾರ್ಕ್‌ಗೆ ಹೋದೆ. ಷೆಡ್ಡುಗಳಿದ್ದ ಜಾಗದಲ್ಲಿ ಗಾಜಿನ ಕಟ್ಟಡ, ಅದರ ಮುಂದೆ ಸದ್ದೇ ಮಾಡದ ಎಲೆಕ್ಟ್ರಿಕ್ ಕಾರುಗಳು. ಎಡ್ನಾರ ವಯಸ್ಸು ಲೆಕ್ಕ ಹಾಕಿದೆ, ನೂರರ ಹತ್ತಿರ ಬಂತು. ಯಾರನ್ನೂ ಕೇಳುವ ಅಗತ್ಯ ಕಾಣಲಿಲ್ಲ. ಅದರ ಮುಂದಿನ ಶನಿವಾರ ಅಡುಗೆಮನೆಯ ಮೆಟ್ಟಿಲ ಸ್ಟೂಲು, ತಂತಿ ಬ್ರಷ್ಷು, ಒಂದು ಡಬ್ಬಿ ಎಣ್ಣೆ ಕಾರಿನಲ್ಲಿ ಹಾಕಿಕೊಂಡು ಬೆಳಿಗ್ಗೆ ಐದಕ್ಕೆ ಹೊರಟೆ. ನಮ್ಮ ಮನೆಯವರು ನಾನೂ ಬರಲಾ ಎಂದರು. ಬೇಡ ಎಂದೆ.

ಎರಡು ಸಲ ದಾರಿ ತಪ್ಪಿದ ಮೇಲೆ ಸಿಕ್ಕಿತು. ಒಂಟೆ ಮೊಣಕಾಲೂರಿ ಬಿದ್ದಿತ್ತು, ತೋಳದ ಕಿವಿ ಇರಲಿಲ್ಲ. ಹ್ಯಾಂಕ್ ನಿಂತೇ ಇದ್ದ, ಪೂರ್ತಿ ಕಂದಾಗಿ, ಉಳಿದವರ ಹಾಗೇ. ಹತ್ತಿರ ಹೋಗಿ ಕೈಯಾಡಿಸಿದಾಗ ಒಂದು ವಿಷಯ ಗೊತ್ತಾಯಿತು. ಕಾಲಿನಿಂದ ಎದೆಯ ತನಕ ಕಂದು ನುಣುಪಾಗಿತ್ತು, ಅಂಗೈಗೆ ಏನೂ ಅಂಟಲಿಲ್ಲ. ಎದೆಯಿಂದ ಮೇಲೆ ಒರಟು. ಮುಖದಲ್ಲಿ ತುಕ್ಕು ಪದರಪದರವಾಗಿ ಎದ್ದು ಉದುರುತ್ತಿತ್ತು. ಎಡ್ನಾ ಎಷ್ಟೋ ವರ್ಷ ಒಬ್ಬರೇ ಬಂದು, ತನ್ನ ಕೈ ನಿಲುಕುವ ತನಕ ಎಣ್ಣೆ ಹಚ್ಚಿ ಹೋಗಿದ್ದರು. ಮುಖವನ್ನು ಅವರು ಬೇರೆ ಯಾರಿಗೂ ಕೊಟ್ಟಿರಲಿಲ್ಲ.

ಕಾಲಿನ ಬಳಿ ತಗಡು ಇತ್ತು. ಮಂಡಿಯೂರಿ ಮಣ್ಣು ಒರೆಸಿದೆ. ಅಕ್ಷರಗಳು ಸೊಟ್ಟಸೊಟ್ಟಗೆ ಬಿದ್ದಿದ್ದವು. ಅವರು ಬರೆದದ್ದು ಇಂಗ್ಲಿಷು, ನಾನು ಓದಿಕೊಂಡದ್ದು ಹೀಗೆ: 'ಎಣ್ಣೆಗೆ ಕಾಯ್ತಿದ್ದಾನೆ, ಸಿಟ್ಟೇನಿಲ್ಲ'.

ನಗು ಬಂತು, ಅದರ ಹಿಂದೆಯೇ ಅಳು ಬಂತು. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಆಮೇಲೆ ಸ್ಟೂಲು ಹತ್ತಿ ಬ್ರಷ್ಷಿನಿಂದ ತುಕ್ಕು ಉಜ್ಜಿದೆ. ಹೊಳಪು ಬರಲಿಲ್ಲ, ಬರುವುದಿಲ್ಲವೆಂದು ಈಗ ನನಗೆ ಗೊತ್ತು. ಎಣ್ಣೆ ಹಚ್ಚಿದಲ್ಲೆಲ್ಲ ಉಕ್ಕು ಅದನ್ನು ಹೀರಿಕೊಂಡು ಕಪ್ಪಾಯಿತು. ಹಣೆ, ಕಣ್ಣು, ಕಿವಿ, ಕಣ್ಣಿಗೆ ಅಡ್ಡ ಹಿಡಿದ ಕೈ, ಎಲ್ಲಕ್ಕೂ ಎರಡು ಸಲ ಹಚ್ಚಿದೆ. ಬಿಸಿಲು ಇಳಿಯುವ ಮೊದಲು ಬೆಟ್ಟ ದಾಟಬೇಕಿತ್ತು, ಸ್ಟೂಲು ಮಡಿಸಿ ಕಾರಿಗೆ ಹಾಕಿದೆ. ಮುಂದಿನ ವರ್ಷ ಬರ್ತೀನಿ ಎಂದು ಈ ಸಲ ಹೇಳಲಿಲ್ಲ. ಉಳಿದ ಎಣ್ಣೆಯ ಡಬ್ಬಿಯ ಮುಚ್ಚಳ ಬಿಗಿಮಾಡಿ ಅವನ ಕಾಲಿನ ಹಿಂದೆ ಇಟ್ಟು ಬಂದೆ.